ಅತ್ತೆ ಹಾಕಿದ ಗಂಟು

ಕಟ್ಟಿಸಿಕೊಂಡು ಬಿಚ್ಚಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಹೆಂಗಸು ತಮಾಷೆಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಕೈಯಲ್ಲಿ ಹಗ್ಗ ಹಿಡಿದುಕೊಂಡು ವೇದಿಕೆ ಹತ್ತಿ ಬರುತ್ತವೆ. ಇಪ್ಪತ್ತೆರಡು ವರ್ಷ ದುರ್ಗದ ಜಿಲ್ಲೆಯ ಶಾಲೆ, ಸಮುದಾಯ ಭವನ, ಸಂಘದ ವಾರ್ಷಿಕೋತ್ಸವ ಅಂತ ಒಂದನ್ನೂ ಬಿಡದೆ ಜಾದೂ ಮಾಡಿಕೊಂಡು ಸುತ್ತಿದ್ದೇನೆ. ಈಗ ಮಂಡಿ ಮಾತು ಕೇಳುವುದಿಲ್ಲ. ನಾನು ಮಾಯವಾಗುತ್ತಿದ್ದ ಪೆಟ್ಟಿಗೆಯಲ್ಲಿ ಕಂಬಳಿಗಳಿವೆ. ಚಳಿಗಾಲದಲ್ಲಿ ಅದರ ಮುಚ್ಚಳ ತೆಗೆದಾಗಲೆಲ್ಲ ಹಳೆಯದೊಂದು ನೆನಪಾಗಿ ಒಬ್ಬಳೇ ನಗುತ್ತೇನೆ. ನಮ್ಮ ಮನೆಯವರು ಆಚೆ ಕೋಣೆಯಿಂದಲೇ "ಈಗ ಯಾವುದು?" ಅಂತ ಕೇಳುತ್ತಾರೆ.

ಜಾದೂ ನನಗೆ ತವರಿನಿಂದ ಬಂದದ್ದು, ಸೋದರಮಾವ ಕಲಿಸಿದ್ದು. ಮದುವೆಯಾಗಿ ಬಂದದ್ದು ಕುರಿ ಸಾಕಿದ ಮನೆಗೆ. ಅತ್ತೆ ಹಿರಿಯೂರಿನ ಕಡೆ ಹಳ್ಳಿಯವರು. ಮಗ ಎಲೆಕ್ಟ್ರಿಷಿಯನ್ ಆಗಿ ದುರ್ಗದಲ್ಲಿ ಮನೆ ಮಾಡಿದ ಮೇಲೆ ಕುರಿ ಹಿಂಡನ್ನು ಮೈದುನನಿಗೆ ಒಪ್ಪಿಸಿ ಬಂದಿದ್ದರು. ಸೊಸೆ ನೂರಾರು ಜನರ ಮುಂದೆ ಕೈಕಾಲು ಕಟ್ಟಿಸಿಕೊಂಡು ಕೂರುತ್ತಾಳೆ ಅಂತ ಗೊತ್ತಾದಾಗ ಅವರು ಬೈಯಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಯೋಚನೆ ಮಾಡಿ ಒಂದು ಷರತ್ತು ಹಾಕಿದರು.

"ನೋಡವ್ವ, ನಾವು ಕುರಿ ಕಟ್ಟಿದೋರು. ಮನುಷ್ಯರನ್ನ ಕಟ್ಟಿದ್ದು ನೋಡಿಲ್ಲ. ನೀನು ಹೊರಗೆ ಬರೋ ತನಕ ಆಟ ಮಾಡು, ನಾನು ಬ್ಯಾಡ ಅನ್ನಲ್ಲ. ಯಾವತ್ತು ಹೊರಗೆ ಬರಾಕೆ ಆಗಲ್ವೋ, ಅವತ್ತಿಗೆ ಈ ಆಟ ಬಂದ್. ಏನಂತೀಯ?"

"ಆಗ್ಲಿ ಅತ್ತೆ" ಅಂದೆ. ಆಗ ನನಗೆ ಇಪ್ಪತ್ನಾಲ್ಕು ವರ್ಷ. ನನ್ನನ್ನು ಕಟ್ಟಿ ಹಾಕುವವರು ಇನ್ನೂ ಹುಟ್ಟಿಲ್ಲ ಅಂತ ನಂಬಿದ್ದ ಕಾಲ.

ಅತ್ತೆ ಆಟ ನೋಡಲು ಬರುತ್ತಿರಲಿಲ್ಲ. ಪರದೆ ಎಳೆಯುವುದು, ಲೈಟು, ಮೈಕು ಎಲ್ಲ ನೋಡಿಕೊಳ್ಳುತ್ತಿದ್ದ ಮಗನನ್ನೇ ಮನೆಗೆ ಬಂದ ಕೂಡಲೇ ನಿಲ್ಲಿಸಿ ವರದಿ ಕೇಳುತ್ತಿದ್ದರು. ಅವ್ವನ ಮುಂದೆ ಸುಳ್ಳು ಹೇಳಿದರೆ ನಮ್ಮ ಮನೆಯವರ ಕಿವಿ ಕೆಂಪಾಗುತ್ತಿತ್ತು. ಹಾಗಾಗಿ ನನ್ನ ಕಸುಬು ಉಳಿಯಬೇಕಾದರೆ ನಾನು ನಿಜವಾಗಿಯೂ ಹೊರಗೆ ಬರಲೇಬೇಕಿತ್ತು.

ಹೊಳಲ್ಕೆರೆಯ ಮೂಟೆ

ಹೊಳಲ್ಕೆರೆಯಲ್ಲಿ ಅಡಿಕೆ ಮಂಡಿಯ ಹಮಾಲರ ಸಂಘದವರು ಕಾರ್ಯಕ್ರಮಕ್ಕೆ ಕರೆದಿದ್ದರು. ಗೋದಾಮಿನಲ್ಲೇ ವೇದಿಕೆ. ಒಂದು ಪಕ್ಕದಲ್ಲಿ ಮೂಟೆಗಳ ಅಟ್ಟಿ. ಗೋಣಿಚೀಲದೊಳಗೆ ನನ್ನನ್ನು ಹಾಕಿ ಬಾಯಿ ಕಟ್ಟುವುದು, ನಾನು ಎರಡು ನಿಮಿಷದಲ್ಲಿ ಹೊರಗೆ ಬರುವುದು ಅಂದಿನ ಮುಖ್ಯ ಆಟ. "ಯಾರಾದ್ರೂ ಒಬ್ರು ಬಂದು ಚೀಲದ ಬಾಯಿ ಕಟ್ಟಿ" ಅಂತ ಕರೆದೆ. ಗಟ್ಟಿಮುಟ್ಟಾದ ಒಬ್ಬ ಹಮಾಲಿ ಬಂದ.

ನಾನು ಒಳಗೆ ಕೂತೆ. ಕತ್ತಲೆ. ಹಗ್ಗ ಸುತ್ತುವ ಸದ್ದು ಬರಬೇಕಿತ್ತು, ಬರಲಿಲ್ಲ. ಬದಲಿಗೆ ತಲೆಯ ಮೇಲೆ ಸರ್, ಸರ್ ಅಂತ ದಾರ ಎಳೆಯುವ ಸದ್ದು. ಪುಣ್ಯಾತ್ಮ ಸೊಂಟದಿಂದ ದಬ್ಬಣ ತೆಗೆದು ಚೀಲದ ಬಾಯಿ ಹೊಲಿಯುತ್ತಿದ್ದ. ಹೊಲಿಗೆ ಮುಗಿಯಿತು. ಇನ್ನೇನು ಬಚ್ಚಿಟ್ಟುಕೊಂಡಿದ್ದ ಬ್ಲೇಡು ತೆಗೆಯಬೇಕು, ಅಷ್ಟರಲ್ಲಿ ನಾನು ಗಾಳಿಯಲ್ಲಿದ್ದೆ. ಅವನು ನನ್ನನ್ನು ಎತ್ತಿ ಬೆನ್ನಿಗೆ ಹಾಕಿಕೊಂಡು, ನಾಲ್ಕು ಹೆಜ್ಜೆ ನಡೆದು, ಅಟ್ಟಿ ಹತ್ತಿ, ತುದಿಗೆ ಜೋಡಿಸಿ ಇಳಿದು ಹೋದ.

"ಏಯ್, ಅದು ಹೆಂಗಸು ಕಣೋ!" ಅಂತ ಜನ ಕೂಗಿದರು.

"ಗೊತ್ತೈತೆ ಕಣ್ರೋ. ಹೊಲಿಗೆ ಹಾಕಿದ ಮೂಟೆ ಕೆಳಗೆ ಬಿಟ್ಟು ರೂಢಿ ಇಲ್ಲ ನಮ್ಗೆ" ಅಂದ.

ಹೊಲಿಗೆ ಕುಯ್ದು ತಲೆ ಹೊರಗೆ ಹಾಕಿದೆ. ಜನ ಎಲ್ಲೋ ಕೆಳಗಿದ್ದರು. ನನ್ನ ತಲೆ ತಗಡಿನ ಸೂರಿಗೆ ತಾಗುತ್ತಿತ್ತು. ಎರಡೂ ಕೈ ಎತ್ತಿ ನಮಸ್ಕಾರ ಮಾಡಿದೆ. ಚಪ್ಪಾಳೆ ಬಿತ್ತು. ಆಮೇಲೆ ಏಣಿ ಕೇಳಿದೆ. ಏಣಿ ಹುಡುಕಲು ಮುಕ್ಕಾಲು ಗಂಟೆ ಬೇಕಾಯಿತು.

ಮನೆಯಲ್ಲಿ ವಿಚಾರಣೆ ಜೋರಾಗಿಯೇ ನಡೆಯಿತು. ಏಣಿ ಇಟ್ಟು ಇಳಿಸಿದ್ದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ನಾನು ಉಗುರು ಕಚ್ಚುತ್ತಾ ನಿಂತಿದ್ದೆ. ಅತ್ತೆ ಮಗನ ಕಿವಿಯನ್ನೇ ನೋಡುತ್ತಾ ಎಲ್ಲ ಕೇಳಿಸಿಕೊಂಡರು.

"ಚೀಲದಿಂದ ಹೊರಗೆ ಬಂದಾಳೆ ತಾನೆ? ಮುಗೀತು. ಇಳಿಯಾದು ಷರತ್ತಲ್ಲಿ ಇರ್ಲಿಲ್ಲ."

ಹೊಸದುರ್ಗದ ಮುಖ್ಯ ಅತಿಥಿ

ಹೊಸದುರ್ಗದಲ್ಲಿ ಮಹಿಳಾ ಸಂಘವೊಂದರ ವಾರ್ಷಿಕೋತ್ಸವ. ಮುಖ್ಯ ಅತಿಥಿಗಳು ಬಂದಿಲ್ಲ, ಜನ ಎದ್ದು ಹೋಗುವ ಹಾಗಿದ್ದಾರೆ, "ನೀವು ಶುರು ಮಾಡಿಬಿಡ್ರಿ ಮೇಡಂ" ಅಂದರು. ಸಂಘದ ನಾಲ್ಕು ಜನ ಸೇರಿ ನನ್ನನ್ನು ಕುರ್ಚಿಗೆ ಬಿಗಿದರು. ಬೆನ್ನ ಹಿಂದೆ ನನ್ನ ಕೈ ನಲವತ್ತು ಸೆಕೆಂಡಿನಲ್ಲಿ ಬಿಡುಗಡೆಯಾಯಿತು. ಇನ್ನೇನು ಕೈ ಎತ್ತಿ ತೋರಿಸಬೇಕು, ಹೊರಗೆ ಕಾರು ಹಾರನ್ ಮಾಡಿತು.

ಕಾರ್ಯದರ್ಶಿ ಓಡಿ ಬಂದರು. "ಮೇಡಂ, ಬಿಚ್ಕಬ್ಯಾಡ್ರಿ! ಸಾಹೇಬ್ರು ಬಂದ್ರು. ಅವ್ರೂ ನೋಡ್ಲಿ!"

ಬಿಚ್ಚಿದ ಹಗ್ಗವನ್ನು ಬಿಗಿಯಾಗಿ ಹಿಡಿದು, ಕಟ್ಟಿದ ಹಾಗೆ ಕೂತೆ. ಸಾಹೇಬರು ಬಂದ ಮೇಲೆ ಕಾರ್ಯಕ್ರಮ ಮೊದಲಿನಿಂದ ಆಗಬೇಕಲ್ಲ? ನಾಡಗೀತೆ ಶುರುವಾಯಿತು. ಎಲ್ಲರೂ ಎದ್ದರು. ನಾನು ಕುರ್ಚಿ ಸಮೇತ ಎದ್ದೆ. ದೀಪ ಹಚ್ಚಿದರು, ಸ್ವಾಗತ ಮಾಡಿದರು, ವರದಿ ಓದಿದರು. ಕಲಾವಿದೆಗೂ ಸನ್ಮಾನ ಅಂತ ನನ್ನ ಕೊರಳಿಗೆ ಹಾರ ಹಾಕಿ, ಕೈ ಕಟ್ಟಿದೆಯಲ್ಲ ಅಂತ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟರು. ಹಾರದ ಸೇವಂತಿಗೆ ಎಸಳೊಂದು ಮೂಗಿಗೆ ತಾಗಿ ತುರಿಕೆ ಶುರುವಾಯಿತು. ಎರಡೂ ಕೈ ಬಿಚ್ಚಿಕೊಂಡಿವೆ, ಮೂಗು ಒಂದು ಮೊಳ ದೂರದಲ್ಲಿದೆ, ಆದರೆ ತುರಿಸಿಕೊಳ್ಳುವ ಹಾಗಿಲ್ಲ. ಅಂಥ ಹಿಂಸೆಯನ್ನು ನನಗೆ ಯಾವ ಸರಪಳಿಯೂ ಕೊಟ್ಟಿರಲಿಲ್ಲ.

ಸಾಹೇಬರು ಒಂದೂವರೆ ಗಂಟೆ ಮಾತಾಡಿ, ಇನ್ನೊಂದು ಕಾರ್ಯಕ್ರಮ ಇದೆ ಅಂತ ಆಟ ನೋಡದೆ ಹೊರಟೇ ಹೋದರು. ಕಾರು ಗೇಟು ದಾಟುವುದನ್ನೇ ಕಾದು ನಾನು ಮೊದಲು ಮೂಗು ತುರಿಸಿಕೊಂಡೆ. ಅವರು ಅವತ್ತು ಮಾತಾಡಿದ ವಿಷಯ ಮಹಿಳಾ ಸ್ವಾತಂತ್ರ್ಯ.

ಬಬ್ಬೂರಿನ ಟೊಮ್ಯಾಟೊ

ಇದು ಚಿಕ್ಕದು. ಹಿರಿಯೂರಿನ ಹತ್ತಿರ ಬಬ್ಬೂರಿನಲ್ಲಿ ಒಂದು ಆಟ. ನೋಡುವವರಲ್ಲಿ ಮುಕ್ಕಾಲು ಪಾಲು ಹೊಲದ ಕೆಲಸದವರು. ಖಾಲಿ ಟೋಪಿಯನ್ನು ಎಲ್ಲರಿಗೂ ತೋರಿಸಿ, ಮಂತ್ರದ ಕೋಲು ಆಡಿಸಿ, ಒಳಗಿಂದ ಕೆಂಪಗಿನ ಟೊಮ್ಯಾಟೊ ತೆಗೆದೆ. ಬೇರೆ ಊರಿನಲ್ಲಾದರೆ ಶಿಳ್ಳೆ ಬೀಳುತ್ತಿತ್ತು. ಇಲ್ಲಿ ಒಬ್ಬರೂ ಮಿಸುಕಲಿಲ್ಲ. ಮುಂದೆ ಕೂತಿದ್ದ ಹಿರಿಯರೊಬ್ಬರು ಕೈ ಚಾಚಿ ಟೊಮ್ಯಾಟೊ ಇಸಕೊಂಡರು. ತಿರುಗಿಸಿ ನೋಡಿದರು, ಮೂಸಿದರು, ಪಕ್ಕದವರಿಗೆ ಕೊಟ್ಟರು. ಅದು ಮೂರು ಸಾಲು ಸುತ್ತಾಡಿ ವಾಪಸ್ ಬಂತು.

"ಕಾಯಿಕೊರಕ ಹುಳ ಬಿದ್ದೈತೆ ಕಣಮ್ಮ" ಅಂದರು. "ಟೋಪಿ ಒಳಗೆ ಗಾಳಿ ಬೆಳಕು ಎಲ್ಲಿ ಆಡ್ತೈತೆ? ಮುಂದಿನ ಸಲ ಬಯಲಾಗೆ ಬೆಳೀರಿ."

ದುರ್ಗದಲ್ಲಿ ಅತ್ತೆ

ಹನ್ನೆರಡು ವರ್ಷ ಷರತ್ತು ಗೆದ್ದುಕೊಂಡೇ ಬಂದೆ. ಆಮೇಲೆ ಒಂದು ದಿನ ನಮ್ಮ ಬೀದಿಯ ಹಿಂದಿನ ಸಭಾಂಗಣದಲ್ಲೇ ಸಂಜೆಯ ಆಟ ನಿಗದಿಯಾಯಿತು. ಅಕ್ಕಪಕ್ಕದ ಹೆಂಗಸರು ಬಿಡದೆ ಅತ್ತೆಯನ್ನು ಹೊರಡಿಸಿದರು. ಪರದೆಯ ಸಂದಿನಿಂದ ನೋಡುತ್ತೇನೆ, ಮೊದಲ ಸಾಲಿನಲ್ಲಿ ಅತ್ತೆ, ಮಡಿಲಲ್ಲಿ ಎಲೆ ಅಡಿಕೆ ಸಂಚಿ.

ಅಂದಿನ ಆಟ ಹೀಗೆ. ನನ್ನನ್ನು ಕುರ್ಚಿಗೆ ಕಟ್ಟುತ್ತಾರೆ. ಸುತ್ತ ಕಪ್ಪು ಪರದೆ. ನಾನು ಬಿಚ್ಚಿಕೊಂಡು, ವೇದಿಕೆಯ ಹಲಗೆಯನ್ನು ಎರಡು ಸಲ ಕುಟ್ಟಿ, ಪರದೆಯ ಹಿಂದಿನ ಸೀಳಿನಿಂದ ಜಾರಿ, ಹೊರಗಡೆಯಿಂದ ಓಡಿ ಸಭಾಂಗಣದ ಹಿಂಬಾಗಿಲಿಗೆ ಬರುತ್ತೇನೆ. ಪರದೆ ಮುಚ್ಚಿದ ಕೂಡಲೇ ಹಾಡು ಹಾಕಿರುವ ನಮ್ಮ ಮನೆಯವರು ಕುಟ್ಟಿದ ಸದ್ದು ಕೇಳಿ ಸ್ವಲ್ಪ ಹೊತ್ತಿಗೆ ಪರದೆ ಸರಿಸುತ್ತಾರೆ. ಕುರ್ಚಿ ಖಾಲಿ, ನಾನು ಜನರ ಹಿಂದೆ. ಹಗ್ಗದ ಆಟಕ್ಕೆಲ್ಲ ಇರುವ ಗುಟ್ಟು ಒಂದೇ, ಕಸುಬು ಬಿಟ್ಟಾಯಿತಲ್ಲ, ಹೇಳುತ್ತೇನೆ. ಕಟ್ಟುವಾಗ ಉಸಿರು ಎಳೆದು ಎದೆ ಉಬ್ಬಿಸಿ ಹಿಡಿಯಬೇಕು. ಆಮೇಲೆ ಉಸಿರು ಬಿಟ್ಟರೆ ಹಗ್ಗ ತಾನೇ ಸಡಿಲವಾಗುತ್ತದೆ.

"ಯಾರಾದ್ರೂ ಬಂದು ಕಟ್ಟಿ" ಅಂದೆ. ಯಾರೂ ಏಳುವ ಮೊದಲೇ ಅತ್ತೆ ಎದ್ದರು. ಸಂಚಿಯನ್ನು ಪಕ್ಕದವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ವೇದಿಕೆ ಹತ್ತಿದರು. ಉಣ್ಣೆ ಕತ್ತರಿಸುವಾಗ ದಿನಕ್ಕೆ ಅದೆಷ್ಟೋ ಕುರಿಗಳನ್ನು ಕಟ್ಟಿದ ಕೈ ಅದು. ನಾನು ಎದೆ ತುಂಬ ಉಸಿರು ಎಳೆದು ಹಿಡಿದೆ. ಅತ್ತೆ ಹಗ್ಗ ಸುತ್ತಿದರು, ಆದರೆ ಬಿಗಿಯಲಿಲ್ಲ. ಸುಮ್ಮನೆ ನಿಂತರು. ನಾನೂ ಉಸಿರು ಹಿಡಿದು ಕೂತೆ. ಆಮೇಲೆ ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಗ್ಯಾಸ್ ಆಫ್ ಮಾಡಿ ಬಂದ್ಯಾ?"

"ಹೂಂ ಅತ್ತೆ" ಅಂದೆ. ಉಸಿರೆಲ್ಲ ಹೋಯಿತು. ಅದೇ ಕ್ಷಣಕ್ಕೆ ಅವರು ಗಂಟು ಎಳೆದರು.

ಪರದೆ ಮುಚ್ಚಿತು. ನಾನು ಕೊಸರಿದಷ್ಟೂ ಹಗ್ಗ ಬಿಗಿಯುತ್ತಿತ್ತು. ಎರಡು ನಿಮಿಷ ಹೋಯಿತು, ಐದಾಯಿತು. ಹಾಡು ಮುಗಿದು ನಮ್ಮ ಮನೆಯವರು ಅದನ್ನೇ ಮತ್ತೆ ಹಾಕಿದರು. ಹೊರಗೆ ಜನ ಗುಸುಗುಸು ಶುರು ಮಾಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಮಾತು ಕೊಟ್ಟಿದ್ದೇನೆ, ಇವತ್ತಿಗೆ ಮುಗಿಯಿತು, ನಾಳೆಯಿಂದ ನಾನು ಬರೀ ಮನೆಯಲ್ಲಿರುವ ಹೆಂಗಸು ಅಂತ ನಿಜವಾಗಿಯೂ ಅತ್ತುಬಿಟ್ಟೆ.

ಪರದೆ ಅಲ್ಲಾಡಿತು. ಅತ್ತೆ ಒಳಗೆ ಬಂದರು.

"ಆಗ್ತಿಲ್ಲ ಅತ್ತೆ."

"ಆಗಲ್ಲ. ಅದು ನಮ್ಮವ್ವ ಹೇಳ್ಕೊಟ್ಟ ಗಂಟು."

"ಮತ್ತೆ ಯಾಕೆ ಹಾಕಿದ್ರಿ?"

"ಹಿಂದಿನ ಸಾಲಾಗೆ ಒಬ್ಳು, 'ಎಲ್ಲ ಮೊದ್ಲೇ ಮಾತಾಡ್ಕಂಡು ಸಡ್ಲ ಕಟ್ತಾರೆ, ಬರೀ ಮೋಸ' ಅಂದ್ಲು. ನನ್ ಸೊಸೆಗೆ ಮೋಸಗಾತಿ ಅಂದ್ರೆ ನಾನು ಸುಮ್ನೆ ಕುಂತ್ಕಳ್ಳಾಕೆ ಆಗ್ತೈತಾ? ಗಟ್ಟಿ ಕಟ್ಟಿ ತೋರಿಸ್ದೆ."

ನನ್ನ ಮಾನ ಉಳಿಸಲು ಹೋಗಿ ಕಸುಬನ್ನೇ ಮುಗಿಸಿದ್ದರು. ಬೆನ್ನ ಹಿಂದೆ ಅವರ ಬೆರಳು ಏನು ಮಾಡಿತೋ ಕಾಣಲಿಲ್ಲ, ಒಂದೇ ಎಳೆತಕ್ಕೆ ಹಗ್ಗ ಪೂರಾ ಬಿಚ್ಚಿಕೊಂಡಿತು. ಆಮೇಲೆ ನಾನು ಮಾಡಿದ್ದಕ್ಕೆ ಹನ್ನೆರಡು ವರ್ಷದ ರೂಢಿ ಕಾರಣ. ಕೈ ಬಿಡುಗಡೆಯಾದ ಕೂಡಲೇ ಹಲಗೆಯನ್ನು ಎರಡು ಸಲ ಕುಟ್ಟಿದೆ, ಸೀಳಿನಿಂದ ಜಾರಿದೆ, ಹೊರಗೆ ಬಿದ್ದು ಓಡಿದೆ. ಅತ್ತೆ ಒಳಗೇ ಉಳಿದದ್ದು ನೆನಪಾದದ್ದು ಹಿಂಬಾಗಿಲಿಗೆ ಬಂದ ಮೇಲೆ. ಅಷ್ಟರಲ್ಲಿ ನಮ್ಮ ಮನೆಯವರು ಪರದೆ ಸರಿಸಿಯಾಗಿತ್ತು.

ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಮಂಡಿ ನೋವಿಗೆ ಕೂತದ್ದು. ತೊಡೆಯ ಮೇಲೆ ಹಗ್ಗ ಇಟ್ಟುಕೊಂಡು ಅಚ್ಚುಕಟ್ಟಾಗಿ ಸುತ್ತುತ್ತಿದ್ದರು. ಅವ್ವನನ್ನು ನೋಡಿ ನಮ್ಮ ಮನೆಯವರ ಕೈಯಿಂದ ಮೈಕು ಬಿತ್ತು. ಹಿಂದೆ ನನ್ನನ್ನು ಯಾರೋ ಕಂಡು ಕೂಗಿದರು. ಆಗ ಬಿದ್ದ ಶಿಳ್ಳೆ ಚಪ್ಪಾಳೆ ನನ್ನ ಜೀವಮಾನದಲ್ಲಿ ಮತ್ತೆ ಬೀಳಲಿಲ್ಲ. ಅದರ ನಡುವೆ ನನ್ನ ಪಕ್ಕದಲ್ಲೇ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ಕೈ ಕಟ್ಟಿಕೊಂಡೇ ಇದ್ದರು.

"ಅತ್ತೆ ಒಳಗೆ ಬಂದ ತಕ್ಷಣ ಸೊಸೆ ಮಾಯ ಆಗಾದು ನಮ್ಮನೇಲಿ ದಿನಾ ಐತೆ" ಅಂದರು. "ಇದಕ್ಯಾಕೆ ಚಪ್ಪಾಳೆ?"

ಮನೆಗೆ ಬಂದು ನಾನೇ ಷರತ್ತಿನ ಮಾತು ತೆಗೆದೆ. "ಸೋತೆ ಅತ್ತೆ. ನಾಳೆಯಿಂದ ಬಂದ್."

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ನೀನು ಹೊರಗೆ ಬಂದ್ಯೋ ಇಲ್ವೋ?"

"ಬಂದೆ."

"ಮುಗೀತು. ಯಾರು ಬಿಚ್ಚಿದ್ರು ಅನ್ನಾದು ಷರತ್ತಲ್ಲಿ ಇರ್ಲಿಲ್ಲ."

ಅಲ್ಲಿಂದ ಮುಂದೆ ಯಾರು ಕಾರ್ಯಕ್ರಮಕ್ಕೆ ಫೋನ್ ಮಾಡಿದರೂ ಮೊದಲು ಕೇಳುತ್ತಿದ್ದುದು "ಅತ್ತೆಯವ್ರು ಬರ್ತಾರಾ?" ಅಂತ. ಒಂಬತ್ತು ವರ್ಷ ಅವರು ನಮ್ಮ ವ್ಯಾನಿನ ಕಿಟಕಿ ಪಕ್ಕದ ಸೀಟು ಬಿಟ್ಟುಕೊಡಲಿಲ್ಲ. ಸಿರಿಗೆರೆಯ ಕಡೆ ಮಕ್ಕಳಂತೂ ನನ್ನನ್ನು ಬಿಟ್ಟು ಅವರ ಹಸ್ತಾಕ್ಷರ ಕೇಳುತ್ತಿದ್ದರು. ಅವರು ಪ್ರತಿಯೊಬ್ಬರ ಪುಸ್ತಕಕ್ಕೂ ಹೆಬ್ಬೆಟ್ಟು ಒತ್ತಿ ಕೊಡುತ್ತಿದ್ದರು. ಪ್ರತಿ ಊರಿನಲ್ಲೂ ಅದೇ ಗಂಟು ಹಾಕಿದರು, ಪರದೆಯೊಳಗೆ ಬಂದು ಅವರೇ ಬಿಚ್ಚಿದರು. ಅವರು ಹೋಗಿ ಮೂರು ವರ್ಷವಾಯಿತು. ಆ ಗಂಟು ಬಿಚ್ಚುವುದು ನನಗೆ ಈಗಲೂ ಗೊತ್ತಿಲ್ಲ.

ಕೇಳಲಿಲ್ಲ ಅಂತಲ್ಲ. ಒಂದು ಸಲ ಹಿರಿಯೂರಿನಿಂದ ಬರುವಾಗ ವ್ಯಾನಿನಲ್ಲಿ ಬಹಳ ಪೀಡಿಸಿದೆ. "ಹೇಳ್ಕೊಡಿ ಅತ್ತೆ, ನಿಮಗ್ಯಾಕೆ ಸುಮ್ಮನೆ ಊರೂರು ತಿರುಗೋ ಕಷ್ಟ."

ಅತ್ತೆ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದರು, "ಹೇಳ್ಕೊಟ್ರೆ ಆಮ್ಯಾಕೆ ನನ್ನ ಯಾಕೆ ಕರ್ಕಂಡ್ ಹೋಗ್ತೀಯ?"