ಸಲಾಂ ಮಾಡಿ ಸಿಕ್ಕಿಬಿದ್ದ ಎತ್ತಿನ ಪರವಾಗಿ

ಅಕ್ಟೋಬರ್ ೧೯೭೬

ಗಡಿ ನಾಕಾದ ಇನ್ಸ್‌ಪೆಕ್ಟರ್ ಸಾಹೇಬರ ಸನ್ನಿಧಾನಕ್ಕೆ, ಇಂಡಿ ತಾಲೂಕಿನ ಭೀಮೆಯ ದಂಡೆಯಿಂದ ರೈತ ಧೂಳಪ್ಪನು ತಲೆಯ ರುಮಾಲು ಕೈಯಲ್ಲಿ ಹಿಡಿದು ಮಾಡುವ ಶರಣಾರ್ಥಿ.

ಮಾನ್ಯರೇ,

ತಾವೂ ತಮ್ಮ ಜೀಪೂ ಆರೋಗ್ಯವಾಗಿರಲಿ. ತಮ್ಮ ನಾಕಾದಲ್ಲಿ ಕಟ್ಟಿರುವ ನನ್ನ ಎತ್ತು ರಾಯನೂ ಸುಖವಾಗಿದ್ದಾನೆಂದು ಕೇಳಿ ಸಂತೋಷವಾಯಿತು. ಗಾಂಜಾ ಸಾಗಿಸಿದ ಆರೋಪದ ಮೇಲೆ ನಮ್ಮ ಸೀಮೆಯಲ್ಲಿ ಸೆರೆಯಾದ ಮೊದಲ ಎತ್ತು ನನ್ನ ಕೊಟ್ಟಿಗೆಯದೆಂಬುದು ಸಣ್ಣ ಮಾತಲ್ಲ.

ನಡೆದದ್ದು ತಮಗೆ ಗೊತ್ತೇ ಇದೆ. ಆದರೂ ಪಂಚನಾಮೆಯಲ್ಲಿ ನನ್ನ ದಡ್ಡತನಕ್ಕೆ ಒಂದೇ ಸಾಲು ಸಿಕ್ಕಿರುವುದರಿಂದ ಇಲ್ಲಿ ವಿಸ್ತರಿಸುತ್ತೇನೆ. ಮುದ್ದೇಬಿಹಾಳದ ಕಡೆಯವನೆಂದು ಹೇಳಿಕೊಂಡ ಮಾನಪ್ಪ ಎಂಬಾತ ನಮ್ಮ ಕಟ್ಟೆಗೆ ಬಂದು, ಹೊಳೆಯಾಚೆಯ ಮಹಾರಾಷ್ಟ್ರದ ದೇವರಿಗೆ ಸಿಂಗರಿಸಿದ ಎತ್ತನ್ನು ನಡೆಸಿಕೊಂಡು ಹೋಗುವ ಹರಕೆ ತನಗಿದೆ, ಎತ್ತು ಮಾತ್ರ ಇಲ್ಲ ಎಂದು ಕಣ್ಣೀರು ಹಾಕಿದ. ಹರಕೆಗೆ ಎತ್ತು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಬೆನ್ನಿಗೆ ಹೊದಿಸುವ ಕನ್ನಡಿ ಬಿಲ್ಲೆಯ ಝೂಲನ್ನು ಅವನೇ ತಂದಿದ್ದ. ಅದು ಗಾದಿಯಷ್ಟು ದಪ್ಪವಿದ್ದದ್ದನ್ನು ಕಂಡು ನಾನು, "ಎಂಥಾ ಭಕ್ತಿಯೋ ತಮ್ಮಾ! ಎತ್ತಿಗೆ ಒತ್ತಬಾರದಂತ ಹತ್ತಿ ತುಂಬಿಸೀಯಲ್ಲ!" ಎಂದೆ. ಅವನು ನನ್ನ ಕಾಲು ಮುಟ್ಟಿದ. ನಾನು ಹಗ್ಗ ಹಿಡಿದು ಮುಂದೆ ನಡೆದೆ.

ನಾಕಾದಲ್ಲಿ ತಾವು ಬೂಟು ಕಳಚಿ ಕೈಮುಗಿದು, "ಹೋಗ್ರಿ ಹೋಗ್ರಿ, ದೇವರ ಎತ್ತಿಗೆ ನಾ ಕೈ ಹಚ್ಚಂಗಿಲ್ಲ" ಎಂದಿರಿ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾರಹುಣ್ಣಿಮೆಗೆಂದು ರಾಯನಿಗೆ ಮಂಡಿಯೂರಿ ನಮಸ್ಕರಿಸಲು ಕಲಿಸಿದವನು ನಾನು. ದೊಡ್ಡ ಮನುಷ್ಯರೆದುರು ಅದನ್ನು ತೋರಿಸದೆ ಸುಮ್ಮನೆ ದಾಟುವುದು ನನ್ನಿಂದಾಗಲಿಲ್ಲ. "ರಾಯಾ, ಸಾಹೇಬರಿಗೆ ಸಲಾಂ ಮಾಡಪಾ" ಎಂದೆ. ರಾಯ ಮಂಡಿಯೂರಿದ, ಝೂಲಿನ ಹೊಲಿಗೆ ಬಿಟ್ಟಿತು, ಗಾಂಜಾ ತಮ್ಮ ಬರಿಗಾಲಿನ ಮೇಲೆ ಪುಷ್ಪವೃಷ್ಟಿಯಂತೆ ಸುರಿಯಿತು. ಹಿಂದೆ ಬರುತ್ತಿದ್ದ ಮಾನಪ್ಪ ಪಕ್ಕದ ಕಬ್ಬಿನ ಹೊಲದಲ್ಲಿ ಮಾಯವಾದ.

ಹೀಗೆ ಕಳ್ಳಸಾಗಣೆಗೂ ಅದರ ಪತ್ತೆಗೂ ನಾನೇ ಕಾರಣನಾದೆ. ಬೇಡಿಯನ್ನೂ ಬಹುಮಾನವನ್ನೂ ಒಟ್ಟಿಗೆ ಕೊಡಬೇಕಾಗಿದ್ದ ತಾವು ಎರಡನ್ನೂ ಕೊಡಲಿಲ್ಲ. "ಈ ಮುದುಕಗ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಬಿಡ್ರಿ ಅವನ್ನ" ಎಂದು ನನ್ನನ್ನು ಕಳಿಸಿ, ಬುದ್ಧಿಯಿರುವ ರಾಯನನ್ನು ಹಿಡಿದುಕೊಂಡಿರಿ. ಈ ತೀರ್ಪಿನಲ್ಲಿ ನಾನು ದೋಷ ಕಾಣಲಾರೆ.

ಆದರೆ ಮಾನ್ಯರೇ, ಹಿಂಗಾರಿ ಜೋಳ ಬಿತ್ತುವ ಹದ ಬಂದಿದೆ, ನೆಲದ ಹಸಿ ದಿನದಿನಕ್ಕೆ ಆರುತ್ತಿದೆ, ಒಂಟಿ ಎತ್ತಿಗೆ ಕೂರಿಗೆ ಕಟ್ಟಲಾಗದು. ಕೇಸು ಮುಗಿಯುವವರೆಗೆ ರಾಯನು ಸಾಕ್ಷಿಗೆ ಜಪ್ತಾದ ಮುದ್ದೆಮಾಲಾಗಿ ತಮ್ಮಲ್ಲೇ ಇರಬೇಕೆಂದರೆ, ನೊಗದ ಆ ಬದಿಗೆ ದಯವಿಟ್ಟು ತಮ್ಮ ಜೀಪನ್ನು ಕಳಿಸಿಕೊಡಿ. ನನ್ನ ಇನ್ನೊಂದು ಎತ್ತು ಸಾಧು, ಹಾರನ್ನಿಗೆ ಬೆದರುವುದಿಲ್ಲ. ಅದೂ ಆಗದಿದ್ದರೆ ನನ್ನ ಹೊಲದ ಹಸಿಯನ್ನೂ ಮುದ್ದೆಮಾಲೆಂದು ಜಪ್ತಿ ಮಾಡಿ, ಮುಂದಿನ ತಾರೀಖಿನವರೆಗೆ ಆರದಂತೆ ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ.

ತಮ್ಮ ವಿಶ್ವಾಸಿ,
ನಿರಪರಾಧಿಯೆಂದು ಊರೆಲ್ಲ ನಗುತ್ತಿರುವ
ಧೂಳಪ್ಪ

ತಾ.ಕ.: ನನ್ನ ಹೆಂಡತಿ ರೇವವ್ವ ಈ ಪತ್ರವನ್ನು ಓದಿಸಿ ಕೇಳಿ, "ಎತ್ತು ಬಿಟ್ಟು ನಿಮ್ಮನ್ನ ಇಟ್ಕೊಂಡಿದ್ರ ಇಷ್ಟೊತ್ತಿಗೆ ಬಿತ್ತಿಗಿ ಮುಗೀತಿತ್ತು" ಎಂದಳು. ಆದ್ದರಿಂದ ಪತ್ರವನ್ನು ನಾನೇ ತಂದಿದ್ದೇನೆ, ಕಂಬಳಿಯ ಸಮೇತ. ರಾಯನನ್ನು ಬಿಚ್ಚಿ ನನ್ನನ್ನು ಕಟ್ಟಿಕೊಳ್ಳಿ. ನನಗೆ ಮೇವು ಕಡಿಮೆ, ಕಥೆ ಹೇಳುವ ಚಟ ಮಾತ್ರ ಹೆಚ್ಚು. ತಮ್ಮವರು ನನ್ನನ್ನು ಮೂರು ದಿನಕ್ಕಿಂತ ಹೆಚ್ಚು ತಾಳಿಕೊಳ್ಳಲಾರರೆಂದು ರೇವವ್ವನ ಅಂದಾಜು. ಬಿತ್ತುವುದಕ್ಕೆ ಅವಳಿಗೆ ಅಷ್ಟು ಸಾಕಂತೆ.