ಬೀಗದಕ್ಕನ ಕೊತ್ವಾಲ

ಗಂಡ ತೀರಿಕೊಂಡು ಮೂರು ತಿಂಗಳು ತುಂಬಿರಲಿಲ್ಲ. ಅಷ್ಟರಲ್ಲಿ ಮುಂಗೋಣೆಯ ಕಂಪ್ಯೂಟರು ದಿನಾ ಬೆಳಿಗ್ಗೆ ಬೀಗದಕ್ಕನಿಗೆ ಒಂದೇ ಮಾತು ಹೇಳತೊಡಗಿತು: "ನಿಮ್ಮ ರಕ್ಷಣೆಯ ಅವಧಿ ಮುಗಿದಿದೆ. ನೀವು ಅಪಾಯದಲ್ಲಿದ್ದೀರಿ."

"ಗೊತ್ತಿದೆ ಬಿಡು," ಎಂದು ಬೀಗದಕ್ಕ ಅದರ ಮೂತಿ ಒರೆಸಿ ಕಸ ಗುಡಿಸಲು ಹೋಗುತ್ತಿದ್ದಳು. ಸಮಾಧಾನ ಹೇಳಲು ಬಂದವರೆಲ್ಲ ಸುತ್ತಿ ಬಳಸಿ ಇದನ್ನೇ ಹೇಳಿದ್ದರು. ಕಂಪ್ಯೂಟರು ನೇರವಾಗಿ ಹೇಳಿತು, ಅಷ್ಟೇ ವ್ಯತ್ಯಾಸ.

ಅವಳ ಗಂಡ ಬೀಗ ರಿಪೇರಿ ಮಾಡುತ್ತಿದ್ದವನು. ಬೀದಿಯ ಬಾಯಲ್ಲಿ ಬೀಗದಣ್ಣ. ಅವನಿಂದ ಇವಳು ಬೀಗದಕ್ಕ. ಮುಂಗೋಣೆಯೇ ಅಂಗಡಿ. ಊರವರ ಬಾಗಿಲಿಗೆಲ್ಲ ಬೀಗ ಜಡಿದ ಪುಣ್ಯಾತ್ಮ ತನ್ನ ಮನೆ ಬಾಗಿಲಿಗೆ ಮಾತ್ರ ಒಂದು ಮೊಳೆ ಬಗ್ಗಿಸಿ ಸಿಕ್ಕಿಸಿದ್ದ. "ನಾಳೆ ಹಾಕ್ತೀನಿ ಕಣೇ" ಎನ್ನುತ್ತಿದ್ದ. ಜಗಳ ಜೋರಾದರೆ ವೇದಾಂತಕ್ಕೆ ಇಳಿಯುತ್ತಿದ್ದ: "ಬೀಗ ಇರೋದು ಕಳ್ಳನಿಗಲ್ಲ, ಪಕ್ಕದ ಮನೆಯವರಿಗೆ." ಇಂಥವನು ಕಂಪ್ಯೂಟರಿಗೆ ವೈರಸ್ ತಡೆಯುವ ರಕ್ಷಣೆ ಹಾಕಿಸಿದ್ದೇ ಹೆಚ್ಚು. ಎಲ್ಲೋ ಬಿಟ್ಟಿ ಸಿಕ್ಕಿತ್ತು, ಹಾಕಿಸಿದ್ದ. ಅವನ ಆಯುಸ್ಸೂ ಅದರ ಆಯುಸ್ಸೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿದವು.

ಆ ಕಂಪ್ಯೂಟರಿನಲ್ಲಿ ಕದಿಯುವಂಥದ್ದು ಏನಿತ್ತು? ಕೀಲಿಗಳ ಅಳತೆ, ಮಗಳ ಮದುವೆಯ ಫೋಟೊ, ಕರೆಂಟ್ ಬಿಲ್ಲು. ಮತ್ತೆ ಇನ್ನೊಂದಿತ್ತು.

ಬೀಗದಣ್ಣನಿಗೆ ಮಧ್ಯಾಹ್ನ ನಾಲ್ಕಕ್ಕೆ ಟೀ ಬೇಕು. ಅವನು ಮುಂದೆ ಕೀಲಿ ಕೊರೆಯುವ ಯಂತ್ರದ ಹತ್ತಿರ, ಅವಳು ಹಿಂದೆ ಹೊಲಿಗೆ ಯಂತ್ರದ ಹತ್ತಿರ. ಕೂಗಿ ಕೂಗಿ ಅವನ ಗಂಟಲು ಬಿತ್ತು. ಎದ್ದು ಅಡುಗೆಮನೆಗೆ ಹೋಗಬಹುದಿತ್ತು. (ಗಂಡಸರಿಗೆ ಇಷ್ಟು ಹತ್ತಿರದ ದಾರಿ ಹೊಳೆಯುವುದಿಲ್ಲ.) ಅದರ ಬದಲು ಎಲ್ಲಿಂದಲೋ ಒಂದು ಪ್ರೋಗ್ರಾಮು ತಂದ, ತನ್ನ ದನಿ ಅದಕ್ಕೆ ತುಂಬಿದ, ದಿನಾ ನಾಲ್ಕಕ್ಕೆ ಕಂಪ್ಯೂಟರೇ ಕೂಗುವ ಹಾಗೆ ಮಾಡಿದ. "ಟೀ ಆಯ್ತೇನೇ?" ಆಮೇಲೆ ಒಂದು ಕೆಮ್ಮು. ಆಮೇಲೆ, "ಇದನ್ನ ನಿಲ್ಲಿಸೋದು ಎಲ್ಲಿ..." ರೆಕಾರ್ಡು ನಿಲ್ಲಿಸುವ ಗುಂಡಿ ಅವನಿಗೆ ಸಿಕ್ಕಿರಲಿಲ್ಲ. ಆ ಹುಡುಕಾಟವೂ ಒಳಗೆ ಸೇರಿಹೋಗಿತ್ತು.

ಅವನಿದ್ದಷ್ಟು ದಿನ ಅದು ಕೂಗಿದಾಗಲೆಲ್ಲ ಬೀಗದಕ್ಕ ಹಿಂದಿನಿಂದ "ಸಾಕು ಸುಮ್ನಿರಿ" ಎಂದು ಗದರುತ್ತಿದ್ದಳು. ಮನುಷ್ಯನ ಕಾಟ ಸಾಲದೆ ಯಂತ್ರದ ಕಾಟ ಬೇರೆ ಎಂದು ಕಂಡವರ ಹತ್ತಿರವೆಲ್ಲ ದೂರುತ್ತಿದ್ದಳು.

ಅವನು ಹೋದ. ನಾಲ್ಕು ಗಂಟೆ ಹೋಗಲಿಲ್ಲ. ನೆಂಟರು ತಲೆ ತಗ್ಗಿಸಿ ಕೂತಿದ್ದಾಗ ಮೂಲೆಯಿಂದ "ಟೀ ಆಯ್ತೇನೇ?" ಎಂದು ಕೇಳಿ ಒಬ್ಬರ ಕೈಯಿಂದ ಲೋಟ ಬಿತ್ತು.

"ಅಮ್ಮಾ, ಇದನ್ನ ತೆಗೆಸಿಬಿಡು. ದಿನಾ ಕೇಳ್ತಾ ಕೂತರೆ ನೀನು ಮೇಲೇಳಲ್ಲ," ಎಂದಳು ಮಗಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಎಲ್ಲರನ್ನೂ ರೋಗಿಯ ಹಾಗೆ ನೋಡುವುದು ಅಭ್ಯಾಸ.

"ತೆಗೆಸ್ತೀನಿ," ಎಂದಳು ಬೀಗದಕ್ಕ. ಕೆಲವು ದಿನ ಬಿಟ್ಟು "ತೆಗೆಸಿದೆ" ಎಂದಳು. ತೆಗೆಸಿರಲಿಲ್ಲ. ನಾಲ್ಕಾಗುವ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದಳು.

ಹೀಗಿರುವಾಗ ಮೈದುನ ಬಂದ. ವಿಮೆ ಮಾರುವವನು. ಅಪಾಯ ಎಂಬ ಪದ ಎಲ್ಲಿ ಕಂಡರೂ ಅವನ ಮುಖ ಹೂವಿನ ಹಾಗೆ ಅರಳುತ್ತದೆ. ಪರದೆಯ ಮೇಲಿನ ಎಚ್ಚರಿಕೆ ಓದಿ ಕುರ್ಚಿ ಎಳೆದುಕೊಂಡು ಕುಳಿತ.

"ಅತ್ತಿಗೆ, ಇದು ಹುಡುಗಾಟ ಅಲ್ಲ. ಈಗಿನ ಕಳ್ಳರು ಬಾಗಿಲಿಂದ ಬರಲ್ಲ, ತಂತಿಯಿಂದ ಬರ್ತಾರೆ."

"ಬಂದು ಏನು ತಗೊಂಡು ಹೋಗ್ತಾರೆ, ಕರೆಂಟ್ ಬಿಲ್ಲಾ? ತಗೊಂಡು ಹೋಗಿ ಕಟ್ಟಲಿ."

"ತಗೊಂಡು ಹೋಗೋದಲ್ಲ, ಇರೋದನ್ನೆಲ್ಲ ಅಳಿಸಿಬಿಡ್ತಾರೆ. ಒಂದೂ ಉಳಿಯಲ್ಲ."

ಬೀಗದಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. "ಒಂದೂ ಅಂದ್ರೆ?"

"ಒಂದೂ ಅಂದ್ರೆ ಒಂದೂ."

ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಮೈದುನನಿಗೆ ಆಶ್ಚರ್ಯ. ಅತ್ತಿಗೆ ಅವನ ಒಂದು ಮಾತಿಗೆ ಮಣಿದದ್ದು ಅದೇ ಮೊದಲು.

ಕಂಪ್ಯೂಟರ್ ಅಂಗಡಿಗೆ ಮಗಳೂ ಬಂದಳು. ಮೇಜಿನ ಮೇಲೆ ರಕ್ಷಣೆಯ ಪ್ರೋಗ್ರಾಮಿನ ಮೂರು ಡಬ್ಬಿ. ವರ ನೋಡುವ ಹಾಗೆ ಬೀಗದಕ್ಕ ಒಂದೊಂದನ್ನೂ ಎತ್ತಿ ತಿರುಗಿಸಿದಳು.

"ಬಿಟ್ಟಿ ಸಿಗೋದೇ ಸಾಕಮ್ಮ. ನಾವೆಲ್ಲ ಅದನ್ನೇ ಹಾಕ್ಕೊಂಡಿರೋದು," ಎಂದಳು ಮಗಳು.

"ಬಿಟ್ಟಿ ಬೀಗ ಕೊಟ್ಟವನು ಒಂದು ಕೀಲಿ ತನ್ನ ಹತ್ರಾನೂ ಇಟ್ಕೊಂಡಿರ್ತಾನೆ."

ಮೊದಲನೆಯ ಡಬ್ಬಿಯ ಮೇಲೆ ದೊಡ್ಡ ಬೀಗದ ಚಿತ್ರ. ಅವಳು ಅದನ್ನು ಕೆಳಗಿಟ್ಟಳು. "ಕೀಲಿ ತೂತು ಎದುರಿಗೆ ಬರೆದಿದ್ದಾರೆ. ಒಂದು ಮಳೆಗೆ ನೀರು ಕುಡಿದು ತುಕ್ಕು ಹಿಡಿಯುತ್ತೆ."

"ಅದು ಚಿತ್ರ ಅತ್ತಿಗೆ."

"ಚಿತ್ರದಲ್ಲೇ ತಪ್ಪು ಮಾಡೋರು ಒಳಗೆ ಇನ್ನೇನು ಮಾಡಿರ್ತಾರೋ."

ಎರಡನೆಯದು, ದಿನಾ ಸಂಜೆ ತಾನು ಎಷ್ಟು ಕಳ್ಳರನ್ನು ಓಡಿಸಿದೆ ಎಂದು ವರದಿ ಕೊಡುತ್ತದಂತೆ. ಅಂಗಡಿಯವನು ಅದನ್ನು ಹೆಮ್ಮೆಯಿಂದ ಹೇಳಿದ. "ಸದ್ದು ಮಾಡೋ ಬೀಗ ಸಡಿಲ ಅಂತ ನಮ್ಮನೆಯವರು ಹೇಳ್ತಿದ್ರು," ಎಂದು ಅದನ್ನೂ ತಳ್ಳಿದಳು.

"ಹಾಗಾದ್ರೆ ಇದಮ್ಮ," ಎಂದು ಅಂಗಡಿಯವನು ಮೂರನೆಯದನ್ನು ಮುಂದಿಟ್ಟ. "ಸ್ವಲ್ಪ ಸಿಡುಕು. ಯಾರನ್ನೂ ನಂಬಲ್ಲ. ಪ್ರತಿಯೊಂದಕ್ಕೂ ತಡೆದು ನಿಲ್ಲಿಸಿ ಕೇಳುತ್ತೆ."

"ಯಾರನ್ನೂ ನಂಬಲ್ವಾ?"

"ಯಾರನ್ನೂ."

"ಅಮ್ಮನ ಅಳತೆ ತಗೊಂಡೇ ಹೊಲಿದ ಹಾಗಿದೆ ಚಿಕ್ಕಪ್ಪ," ಎಂದು ಮಗಳು ಮೆಲ್ಲಗೆ ಹೇಳಿದಳು. ಬೀಗದಕ್ಕನಿಗೆ ಕೇಳಿಸಿತು. ಹೊಗಳಿಕೆ ಎಂದೇ ತೆಗೆದುಕೊಂಡಳು.

"ಒಂದು ಮಾತು. ಇದು ನನ್ನನ್ನೇ ಹೊರಗೆ ಹಾಕಿ ಬೀಗ ಹಾಕ್ಕೊಂಡ್ರೆ ತೆಗೆಯೋರು ಯಾರು?"

"ಹಾಗೆ ಆಗೋದೇ ಇಲ್ಲಮ್ಮ."

ಬೀಗದಕ್ಕ ಅವನನ್ನು ಕನಿಕರದಿಂದ ನೋಡಿದಳು. ಹಾಗೆ ಆಗೋದೇ ಇಲ್ಲ ಎಂದುಕೊಂಡವರಿಂದಲೇ ಅವಳ ಮನೆಯ ಒಲೆ ಇಷ್ಟು ವರ್ಷ ಉರಿದದ್ದು. ಆದರೂ ಕೊಂಡಳು.

ಮೈದುನ ಅದನ್ನು ಹಾಕಿಕೊಟ್ಟ. ಗುಪ್ತವಾಗಿ ಒಂದು ಪಾಸ್‌ವರ್ಡು ಕೊಡಬೇಕು ಎಂದ. ಅವನನ್ನು ಗೋಡೆಯ ಕಡೆ ತಿರುಗಿಸಿ, ಅದೂ ಸಾಲದೆ ಕಣ್ಣು ಮುಚ್ಚಿಸಿ, ಬಾಯಿಗೆ ಬಂದ ಮಾತನ್ನು ಒಂದೇ ಬೆರಳಲ್ಲಿ ಕುಟ್ಟಿದಳು. ಒಂದು ಅಂಕಿಯೂ ಬೇಕು ಎಂದಿತು. ಕುಟ್ಟಿದಳು. ಮರೆತರೆ ನೆನಪಿಸಲು ಒಂದು ಸುಳಿವು ಕೊಡಿ ಎಂದಿತು. 'ದಿನಾ ಹೇಳುವ ಮಾತು' ಎಂದು ಬರೆದಳು. ದಿನಾ ಹೇಳುವುದನ್ನು ಯಾರಾದರೂ ಮರೆಯುತ್ತಾರೆಯೇ?

ಅಂದಿನಿಂದ ಮನೆಯಲ್ಲಿ ಕೊತ್ವಾಲರ ಆಳ್ವಿಕೆ. ಬೀಗದಕ್ಕ ಆ ಹೊಸ ಪ್ರೋಗ್ರಾಮಿಗೆ ಇಟ್ಟ ಹೆಸರು ಅದೇ. "ಪ್ರಿಂಟರನ್ನು ನಂಬುತ್ತೀರಾ?" ಎಂದು ಕೊತ್ವಾಲ ಕೇಳಿದ. ಶಾಯಿ ಇದ್ದರೂ ಇಲ್ಲ ಎನ್ನುವ ಯಂತ್ರ ಅದು. "ಇಲ್ಲ" ಒತ್ತಿದಳು. ಮೈದುನ ಕಳಿಸಿದ ವಿಮೆಯ ಕಾಗದ ತೆರೆಯಲೇ ಎಂದ. ಇಲ್ಲ. (ಎರಡು ಸಲ ಒತ್ತಿದಳು.) ಬದುಕಿಡೀ ಅವಳನ್ನು ಯಾರೂ ಇಷ್ಟು ಗೌರವದಿಂದ ಅಪ್ಪಣೆ ಕೇಳಿರಲಿಲ್ಲ. ಇಲ್ಲ ಎನ್ನುವುದರಲ್ಲಿ ಎಂಥ ಸುಖ ಇದೆ ಎಂದು ತಡವಾಗಿ ತಿಳಿಯಿತು.

"ಅಮ್ಮಾ, ಫೋಟೊ ಕಳಿಸಿದ್ದೆ, ನೋಡಿದ್ಯಾ?"

"ಕೊತ್ವಾಲರು ಬಿಡಲಿಲ್ಲ."

"ನಾನು ನಿನ್ನ ಮಗಳಮ್ಮ."

"ಅದನ್ನ ಅವರಿಗೆ ಹೇಳು."

ಒಂದು ಬೆಳಿಗ್ಗೆ ಕೊತ್ವಾಲ ವಿನಯದಿಂದ ಬಿನ್ನವಿಸಿಕೊಂಡ: "ನೀವು ಏನನ್ನೂ ನಂಬುತ್ತಿಲ್ಲ. ಇನ್ನು ಮುಂದೆ ನಿಮ್ಮನ್ನು ಕೇಳದೆ ನಾನೇ ಎಲ್ಲವನ್ನೂ ತಡೆಯಲೇ?" ಆಳು ಕೆಲಸ ಕಲಿತ ಎಂದು ಹಿಗ್ಗಿ ಬೀಗದಕ್ಕ "ಹೌದು" ಒತ್ತಿದಳು.

ಆ ಮಧ್ಯಾಹ್ನ ಕಿಟಕಿ ಮುಚ್ಚಿ ಕುಳಿತಳು. ನಾಲ್ಕು ಹೊಡೆಯಿತು. ಕಂಪ್ಯೂಟರು ಮಾತಾಡಲಿಲ್ಲ. ಪರದೆಯ ಮೇಲೆ ಅಕ್ಷರಗಳು ಬಂದವು:

"ಸಂಶಯದ ಪ್ರೋಗ್ರಾಮ್ ಒಂದನ್ನು ಬಂಧಿಸಲಾಗಿದೆ. ಲಕ್ಷಣಗಳು: ಕರೆಯದೆ ತಾನಾಗಿ ಏಳುತ್ತದೆ. ಅನುಮತಿ ಇಲ್ಲದೆ ಮಾತಾಡುತ್ತದೆ. ಯಾವ ಕೆಲಸವನ್ನೂ ಮಾಡುವುದಿಲ್ಲ. ವಾರ ಕಳೆದ ಮೇಲೆ ಶಾಶ್ವತವಾಗಿ ಅಳಿಸಲಾಗುವುದು."

ಎರಡು ಸಲ ಓದಿದಳು. ಲಕ್ಷಣಗಳಲ್ಲಿ ಒಂದೂ ತಪ್ಪಿರಲಿಲ್ಲ. ಕೊನೆಯ ಸಾಲನ್ನು ಮೂರನೆಯ ಸಲ ಓದಿದಳು. ಆ ದಿನ ಟೀ ಮಾಡಲಿಲ್ಲ.

ಬಿಡಿಸಬೇಕೆಂದರೆ ಪಾಸ್‌ವರ್ಡು ಬೇಕು. ಸುಳಿವು ನೋಡಿದಳು. ದಿನಾ ಹೇಳುವ ಮಾತು. ಇನ್ನೇನು, ಅವನಿಗೆ ದಿನಾ ಹೇಳುವುದು ಒಂದೇ. 'ಸಾಕು ಸುಮ್ನಿರಿ' ಎಂದು ಕುಟ್ಟಿ ಪಕ್ಕದಲ್ಲಿ ನಾಲ್ಕು ಹಾಕಿದಳು. ತಪ್ಪು ಎಂದಿತು. ಮತ್ತೆ ಕುಟ್ಟಿದಳು. "ನೀವು ಕಳ್ಳರಿರಬಹುದು. ಸ್ವಲ್ಪ ಹೊತ್ತು ಕಾಯಿರಿ," ಎಂದ ಕೊತ್ವಾಲ.

"ನನ್ನ ಮನೆ ಕಣೋ ಇದು," ಎಂದಳು. ಕೊತ್ವಾಲ ಜಗ್ಗಲಿಲ್ಲ. ಅವಳೇ ಆರಿಸಿ ತಂದ ಗುಣ ಅದು.

ಊರಿಗೆಲ್ಲ ಬೀಗ ತೆಗೆದುಕೊಟ್ಟವನ ಹೆಂಡತಿ ತನ್ನ ಮನೆಯಲ್ಲೇ ಹೊರಗೆ ನಿಂತಿದ್ದಳು. ಯಾರನ್ನಾದರೂ ಕೇಳೋಣವೆಂದರೆ, ಒಳಗಿರುವುದು ಏನು ಎಂದು ಹೇಳಬೇಕು. ವಾರ ಮುಗಿಯದಿರಲಿ ಎಂದು ಪ್ಲಗ್ಗು ಕಿತ್ತಿಟ್ಟಳು. ಆಮೇಲೊಂದು ದಿನ ಮನಸ್ಸು ತಡೆಯದೆ ಸಿಕ್ಕಿಸಿದಳು. ಕತ್ತಲಲ್ಲಿ ಕೂತೇ ಕೊತ್ವಾಲ ದಿನ ಎಣಿಸಿದ್ದ. "ಇಂದು ಸಂಜೆ ಅಳಿಸಲಾಗುವುದು."

ಮೈದುನನಿಗೆ ಫೋನು ಮಾಡಿದಳು. "ಒಂದು ಸಣ್ಣ ಫೈಲು ಸಿಕ್ಕಿಹಾಕ್ಕೊಂಡಿದೆ. ಈಗಲೇ ಬಾ."

"ಯಾವ ಫೈಲು ಅತ್ತಿಗೆ?"

"ಕೀಲಿ ಅಳತೆ." ಸುಳ್ಳು ಹೇಳುವಾಗ ಅವಳ ದನಿ ಇನ್ನೂ ಜೋರಾಗುತ್ತಿತ್ತು. ಅದಕ್ಕೇ ಮೈದುನ ಬರುವಾಗ ಮಗಳನ್ನೂ ಕರೆದುಕೊಂಡು ಬಂದ.

ಪರದೆ ಓದಿದ. "ಮಾತಾಡುತ್ತದೆ ಅಂತ ಇದೆ. ಕೀಲಿ ಅಳತೆ ಮಾತಾಡುತ್ತಾ ಅತ್ತಿಗೆ?"

ಮಗಳು ಬಗ್ಗಿ ನೋಡಿದಳು. "ಅಮ್ಮಾ, ತೆಗೆಸಿದೆ ಅಂದಿದ್ದೆ."

"ಅಂದಿದ್ದೆ."

"ಮತ್ತೆ?"

"ಮತ್ತೆ ಏನು. ಈಗ ಬಿಡಿಸು ಅದನ್ನ. ಬೈಯೋದು ಆಮೇಲೆ ಬೈ."

ಮಗಳು ಬೈಯಲಿಲ್ಲ. ಕುರ್ಚಿ ಎಳೆದುಕೊಂಡಳು. "ದಿನಾ ಹೇಳುವ ಮಾತು... ಚಿಕ್ಕಪ್ಪ, 'ನಂಗೇನೂ ಬೇಡ' ಅಂತ ಹಾಕಿ."

ತಪ್ಪು.

"'ನಿನ್ನ ವಿಮೆ ನೀನೇ ಇಟ್ಕೋ' ಇರಬಹುದಾ?" ಎಂದ ಮೈದುನ. ಅವನಿಗೆ ದಿನಾ ಹೇಳುವ ಮಾತು ಅದೇ.

ಅದೂ ತಪ್ಪು. ಇನ್ನೊಂದೇ ಅವಕಾಶ ಎಂದ ಕೊತ್ವಾಲ. ಮೂವರೂ ಕೈ ಕಟ್ಟಿ ಕುಳಿತರು. ಸಂಜೆ ಹತ್ತಿರ ಬರುತ್ತಿತ್ತು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಸದ್ದಾಯಿತು. ಮೇಲಿನ ಮಹಡಿಯ ಟೀಚರ್ ಬಾಗಿಲಲ್ಲಿ ನಿಂತಿದ್ದರು. ಮೊಳೆ ಸರಿಸಿ ಅವರೇ ಒಳಗೆ ಬಂದರು.

"ಏನ್ರೀ ಬೀಗದಕ್ಕ, ಈ ವಾರ ನಾಲ್ಕು ಗಂಟೆ ಆಗಲೇ ಇಲ್ವಲ್ಲ. ನಮ್ಮನೆಯವರು ಟೀ ಇಲ್ಲದೆ ಒಣಗಿ ಹೋಗಿದ್ದಾರೆ."

ಬೀಗದಕ್ಕನ ಮುಖ ಕೆಂಪಾಯಿತು. "ಕಿಟಕಿ ಮುಚ್ತಿದ್ದೆನಲ್ಲ ಟೀಚರ್."

"ನೀವು ಕಿಟಕಿ ಮುಚ್ಚಿದ ಸದ್ದು ಕೇಳಿದ ಮೇಲೇ ನಾನು ನೀರು ಒಲೆ ಮೇಲಿಡೋದು. ಅಣ್ಣ ಕೂಗಿದ ಕೂಡಲೇ ಪುಡಿ ಹಾಕ್ತೀನಿ. ನೀವು ಉತ್ತರ ಕೊಟ್ಟ ಮೇಲೆ ಇಳಿಸ್ತೀನಿ. ಎದುರು ಮನೆಯವರೂ ಹಾಗೇ."

ಇಡೀ ಕಟ್ಟಡಕ್ಕೆ ಗೊತ್ತಿದ್ದ ಗುಟ್ಟಿಗೆ ಅವಳು ಬೀಗ ಹುಡುಕಿಕೊಂಡು ಅಂಗಡಿಗೆ ಹೋಗಿದ್ದಳು.

ಮಗಳಿಗೆ ಏನೋ ಹೊಳೆಯಿತು. "ಟೀಚರ್, ಅಮ್ಮ ಏನು ಉತ್ತರ ಕೊಡ್ತಾಳೆ?"

"ಇನ್ನೇನು ಕೊಡ್ತೀನಿ," ಎಂದಳು ಬೀಗದಕ್ಕ. "ಸಾಕು ಸುಮ್ನಿರಿ ಅಂತೀನಿ. ಅದನ್ನೇ ಹಾಕಿದೆ, ಆಗಲಿಲ್ಲ."

"ಅದು ಅವರಿದ್ದಾಗ," ಎಂದರು ಟೀಚರ್. "ಈಗ ಹಾಗನ್ನಲ್ಲ ನೀವು."

"ಮತ್ತೇನಂತೀನಿ?"

"'ಬಂದೆ ಇರಿ' ಅಂತೀರಿ."

ಮೈದುನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. 'ಬಂದೆ ಇರಿ' ಎಂದು ಕುಟ್ಟಿದ. "ಅಂಕಿ?" ಎಂದ.

"ನಾಲ್ಕು, ಇನ್ನೇನು," ಎಂದರು ಟೀಚರ್.

ಪಾಸ್‌ವರ್ಡು ಸರಿಹೋಯಿತು, ಬಾಗಿಲು ತೆರೆಯಿತು. ಕೊತ್ವಾಲ ಕೊನೆಯದಾಗಿ ಒಂದು ಕೇಳಿದ: "ಇದನ್ನು ಬಿಡುಗಡೆ ಮಾಡಿದರೆ ಮತ್ತೆ ತಾನಾಗಿ ಎದ್ದು ಮಾತಾಡಬಹುದು. ಇದನ್ನು ನಂಬುತ್ತೀರಾ?"

ಒತ್ತಬೇಕಾದವಳು ಬೀಗದಕ್ಕ. ಇಷ್ಟು ದಿನದ ಅಭ್ಯಾಸ, ಅವಳ ಬೆರಳು ನೆಟ್ಟಗೆ "ಇಲ್ಲ" ಕಡೆಗೆ ಹೋಯಿತು. ಮಗಳು ಲಬಕ್ಕನೆ ಕೈ ಹಿಡಿದುಕೊಂಡಳು.

"ಅಮ್ಮಾ."

"ಗೊತ್ತು ಬಿಡೇ. ಬಾಗಿಲಿಗೆ ಬೀಗ ನಾಳೆ ಹಾಕ್ತೀನಿ ಅಂದವರು. ಇವರನ್ನ ನಂಬೋದಂತೆ." ಹಾಗೆನ್ನುತ್ತಲೇ "ಹೌದು" ಒತ್ತಿದಳು.

"ಟೀ ಆಯ್ತೇನೇ?" ಕೆಮ್ಮು. "ಇದನ್ನ ನಿಲ್ಲಿಸೋದು ಎಲ್ಲಿ..."

ಮೂರು ಜನ ಬೀಗದಕ್ಕನ ಬಾಯಿಯನ್ನೇ ನೋಡಿದರು. ಅವಳು ತುಟಿ ಬಿಗಿದು ಎದ್ದು ಅಡುಗೆಮನೆಗೆ ಹೋದಳು. ನೀರು ಬಿಡುವ ಸದ್ದು ಕೇಳಿತು.

"ಅತ್ತಿಗೆ, ಪಾಸ್‌ವರ್ಡು ಬದಲಾಯಿಸಬೇಕು. ಈಗ ಎಲ್ಲರಿಗೂ ಗೊತ್ತಾಯ್ತು," ಎಂದು ಮೈದುನ ಕೂಗಿ ಹೇಳಿದ.

"ಬದಲಾಯಿಸಿದ್ರೆ, ಮತ್ತೆ ಮರೆತಾಗ ಯಾರನ್ನ ಕೇಳಲಿ?"

"ಟೀ ಆಯ್ತೇನೇ?" ಎಂದಿತು ಕಂಪ್ಯೂಟರು ಮತ್ತೆ. ಸೆರೆಯಲ್ಲಿದ್ದಷ್ಟು ದಿನ ಕೂಗದೆ ಉಳಿದ ಕೂಗುಗಳೆಲ್ಲ ಬಾಕಿ ಇದ್ದವು. ಈಗ ಸಾಲಾಗಿ ಹೊರಬಂದವು. ಕೆಮ್ಮು. "ಟೀ ಆಯ್ತೇನೇ?" ಕೆಮ್ಮು. "ಟೀ ಆಯ್ತೇನೇ?"

ಮೈದುನ ಕಂಡ ಕಂಡ ಗುಂಡಿ ಒತ್ತಿದ. ಅಣ್ಣನದೇ ದನಿ ಅವನದೂ. "ಅತ್ತಿಗೆ, ಇದನ್ನ ನಿಲ್ಲಿಸೋದು ಎಲ್ಲಿ?"

ಮಗಳು ನಗುತ್ತಾ ಕಣ್ಣೊರೆಸಿಕೊಂಡಳು. ಅಡುಗೆಮನೆಯಿಂದ, ಮೂರು ತಿಂಗಳಿಂದ ಯಾರೂ ಕೇಳಿರದ ಗದರಿಕೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಬಂತು:

"ಸಾಕು ಸುಮ್ನಿರಿ."

ಕಂಪ್ಯೂಟರು ಸುಮ್ಮನಾಗಲಿಲ್ಲ. ಮೇಲಿನ ಮಹಡಿಯಿಂದ ಮಾತ್ರ ಟೀಚರ ಗಂಡನ ಸಣ್ಣ ದನಿ ಮೆಟ್ಟಿಲಿಳಿದು ಬಂತು: "ನಾನು ಏನೂ ಕೇಳಲೇ ಇಲ್ವಲ್ಲ."