ದೆವ್ವಕ್ಕೆ ನೈಟ್ ಶಿಫ್ಟ್ ಹಾಕಿದ ಪ್ರಸಂಗ

ಸಿನಿಮಾ ಕಥೆ ಹೇಳುವುದರಲ್ಲಿ ಪದ್ಮನಾಭನಗರದ ಆಸುಪಾಸಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನನ್ನ ಹೆಂಡತಿ ಸರೋಜ ಮಾತ್ರ ಒಪ್ಪುತ್ತಿರಲಿಲ್ಲ. "ಎರಡೂವರೆ ಗಂಟೆ ಪಿಕ್ಚರ್‌ನ ಮೂರು ಗಂಟೆ ಹೇಳ್ತೀರಿ. ಅದರ ಬದಲು ಟಿಕೆಟ್ ತಂದ್ಕೊಡಿ" ಎನ್ನುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ, ಏನು ಮಾಡುವುದು!

ಭಾನುವಾರ ಬೆಳಿಗ್ಗೆ ವಾಕಿಂಗ್ ಎಂಬ ಹೆಸರಿನಲ್ಲಿ ನಾವೊಂದಷ್ಟು ಜನ ಪಾರ್ಕಿನಲ್ಲಿ ಸೇರುತ್ತೇವೆ. ಒಂದು ಸುತ್ತು ಹಾಕುವಷ್ಟರಲ್ಲಿ ಎಲ್ಲರಿಗೂ ಮಂಡಿ ನೋವು ನೆನಪಾಗುತ್ತದೆ. ಆಮೇಲೆ ಎದುರಿನ ದರ್ಶಿನಿಯ ಮುಂದೆ ಬೈಟು ಕಾಫಿ ಹಿಡಿದು, ಆ ವಾರ ಬಿಡುಗಡೆಯಾದ ಸಿನಿಮಾಗಳ ಬಹಿರಂಗ ವಿಚಾರಣೆ. ಥಿಯೇಟರಿನಲ್ಲಿ ನೋಡಿದವನಿಗೆ ಮಾತ್ರ ಬಾಯಿ ತೆರೆಯುವ ಹಕ್ಕು. ಫೋನಿನಲ್ಲಿ ನೋಡಿದವನು ಕಾಫಿ ಕುಡಿಯಬಹುದು, ಅಷ್ಟೆ.

"ಫಸ್ಟ್ ಹಾಫ್ ಸಖತ್ ಗುರು. ಸೆಕೆಂಡ್ ಹಾಫ್ ಎಳೆದುಬಿಟ್ರು" ಎಂದು ನಮ್ಮ ಪ್ರಸನ್ನ ಶುರುಮಾಡುತ್ತಾನೆ.

"ಎಳೆದಿಲ್ಲ ಕಣಯ್ಯ. ನಿಂಗೆ ಇಂಟರ್ವಲ್‌ನಲ್ಲಿ ತಿಂದ ಸಮೋಸ ಜಾಸ್ತಿಯಾಗಿತ್ತು" ಎನ್ನುತ್ತಿದ್ದ ಚಂದ್ರು.

ಚಂದ್ರು ಮಾತನಾಡಿದ ಮೇಲೆ ಅಪೀಲಿಲ್ಲ. ಸಿನಿಮಾ ನೋಡುವುದರಲ್ಲಿ ಅವನು ನಮ್ಮೆಲ್ಲರ ಗುರು. ಮೊದಲ ದಿನದ ಮೊದಲ ಆಟ, ಕೊನೆಯಲ್ಲಿ ಹೆಸರುಗಳು ಪೂರ್ತಿ ಉರುಳುವವರೆಗೂ ಎದ್ದೇಳುತ್ತಿರಲಿಲ್ಲ. ಕಸ ಗುಡಿಸುವವರು ಪೊರಕೆ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದರು.

ಇಂಥ ಚಂದ್ರುವಿನ ಲಿವರ್ ಕೆಟ್ಟಿತು. ಕುಡಿಯುವವರನ್ನು ಕಂಡರಾಗದ ಮನುಷ್ಯ ಅವನು, ಆದರೂ ಕೆಟ್ಟಿತು. ಜಯನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ನಾನು ನೋಡಲು ಹೋದಾಗ ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ ಮಲಗಿದ್ದ. ಅವನ ಹೆಂಡತಿ ಉಷಾ ಪಕ್ಕದಲ್ಲಿ ಮೂಸಂಬಿ ಸುಲಿಯುತ್ತಿದ್ದರು.

"ಮಗಾ, ಫೋನಲ್ಲಿ ಪಿಕ್ಚರ್ ನೋಡೋಕೆ ನನ್ನಿಂದಾಗಲ್ಲ" ಎಂದ ಚಂದ್ರು. "ನೀನು ವಾರ ವಾರ ಹೋಗಿ ನೋಡ್ಕೊಂಡು ಬಾ. ಬಂದು ನನಗೆ ಪೂರ್ತಿ ಹೇಳು. ಒಂದು ಸೀನೂ ಬಿಡ್ಬೇಡ."

ನನಗೆ ಎದೆಯುಬ್ಬಿತು. ಕೊನೆಗೂ ನನ್ನ ಪ್ರತಿಭೆಗೆ ಅಧಿಕೃತ ನೇಮಕಾತಿ! "ಇದೇನು ಮಹಾ, ಬಿಡು" ಎಂದು ಭರವಸೆ ಕೊಟ್ಟು ಬಂದೆ.

ಮೊದಲ ಶುಕ್ರವಾರ ಬನಶಂಕರಿಯ ಕಡೆಯ ಮಲ್ಟಿಪ್ಲೆಕ್ಸಿನಲ್ಲಿ ಒಂದು ಸಂಸಾರದ ಚಿತ್ರ ನೋಡಿದೆ. ಮರುದಿನ ಮಂಚದ ಪಕ್ಕ ಕೂತು, ಕೈಕಾಲು ಆಡಿಸಿ, ಹಿನ್ನೆಲೆ ಸಂಗೀತ ಸಮೇತ ಹೇಳತೊಡಗಿದೆ. ಪಕ್ಕದ ಹಾಸಿಗೆಯ ಅಜ್ಜನೂ ಕಿವಿಯ ಮಿಷನ್ ಸರಿಮಾಡಿಕೊಂಡರು. ಇಂಟರ್ವಲ್ ಮುಗಿಯಿತು. ಅಪ್ಪನ ಪಾತ್ರ ಆಸ್ಪತ್ರೆ ಸೇರಿತು. ಆಗ ನನಗೆ ಧಸಕ್ಕೆಂದಿತು. ಆ ಅಪ್ಪ ಕ್ಲೈಮ್ಯಾಕ್ಸಿನಲ್ಲಿ ಸಾಯುತ್ತಾನೆ. ಅದೂ ಲಿವರ್ ಕಾಯಿಲೆಯಿಂದ!

ಚಂದ್ರು ಹಳದಿ ಕಣ್ಣು ಅರಳಿಸಿ ನೋಡುತ್ತಿದ್ದ. "ಆಮೇಲೆ?"

"ಆಮೇಲೆ... ಹೊಸ ಡಾಕ್ಟರ್ ಬರ್ತಾನೆ. ಒಂದು ಇಂಜೆಕ್ಷನ್. ಅಪ್ಪ ಎದ್ದು ಕೂರ್ತಾನೆ. ಎಲ್ರೂ ಪಾಯಸ ತಿಂತಾರೆ. ಶುಭಂ."

"ಇಷ್ಟೇನಾ?" ಎಂದ ಚಂದ್ರು. "ಇಷ್ಟು ಸಪ್ಪೆ ಕ್ಲೈಮ್ಯಾಕ್ಸ್ ಯಾಕೆ ಇಟ್ಟ ಆ ಡೈರೆಕ್ಟರು?"

ಮನೆಗೆ ಬಂದು ಸರೋಜಳಿಗೆ ಹೇಳಿದೆ. "ಒಳ್ಳೇ ಕೆಲಸ ಮಾಡಿದ್ರಿ. ಕಾಯಿಲೆ ಮನುಷ್ಯನ ಮುಂದೆ ಸಾವಿನ ಮಾತು ಯಾರಾದ್ರೂ ಆಡ್ತಾರಾ?" ಎಂದಳು. ಜೀವಮಾನದಲ್ಲಿ ಅವಳು ನನ್ನನ್ನು ಹೊಗಳಿದ್ದು ಅಪರೂಪ. ನನಗೆ ಕೊಂಬು ಬಂತು.

ಮುಂದಿನ ವಾರ ರೌಡಿಗಳ ಚಿತ್ರ. ಅದರಲ್ಲಿ ಬದುಕಿ ಉಳಿಯುವುದು ಒಂದು ನಾಯಿ ಮಾತ್ರ. ನಾನು ಒಬ್ಬೊಬ್ಬರನ್ನೇ ಎಬ್ಬಿಸಿ ಕೂರಿಸಿದೆ. ಗುಂಡುಗಳೆಲ್ಲ ಭುಜಕ್ಕೇ ತಗುಲಿದವು. ವಿಲನ್ ಕೂಡ ನನ್ನ ದಯೆಯಿಂದ ಬದುಕಿಕೊಂಡು ಹೋಟೆಲ್ ಇಟ್ಟ.

ಅದರ ಮುಂದಿನ ವಾರ ಬಂದದ್ದು ದೆವ್ವದ ಚಿತ್ರ. ಇಲ್ಲಿ ನಾಯಕಿ ಕಥೆ ಶುರುವಾಗುವ ಮೊದಲೇ ಸತ್ತಿದ್ದಾಳೆ! ಇದನ್ನು ಸಾವಿಲ್ಲದೆ ಹೇಳುವುದು ಹೇಗೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊನೆಗೆ ಅವಳನ್ನು ಮೇಲಿನ ಮನೆಗೆ ಬಾಡಿಗೆಗೆ ಬಂದ ಹುಡುಗಿ ಮಾಡಿದೆ.

"ಮಧ್ಯರಾತ್ರಿ ಬಿಳಿ ಸೀರೆ ಉಟ್ಕೊಂಡು ಯಾಕೆ ಓಡಾಡ್ತಾಳೆ?" ಚಂದ್ರು ಕೇಳಿದ.

"ನೈಟ್ ಶಿಫ್ಟ್ ಕಣೋ. ಬಿಟಿಎಂ ಕಡೆ ಆಫೀಸು."

"ಬಾಗಿಲು ತೆಗೀದೇ ಒಳಗೆ ಬರ್ತಾಳೆ ಅಂದ್ಯಲ್ಲ?"

"ಇನ್ನೊಂದು ಕೀ ಇತ್ತು."

ಚಂದ್ರು ಮೊಣಕೈಯೂರಿ ಎದ್ದು ಕೂತ. "ದೆವ್ವ ಇಲ್ಲದೇ ದೆವ್ವದ ಪಿಕ್ಚರ್! ಏನ್ ತಲೆ ಗುರು ಆ ಡೈರೆಕ್ಟರ್‌ದು!" ಎಂದು ಕೊಂಡಾಡಿದ. ಆ ಹೊಗಳಿಕೆ ನ್ಯಾಯವಾಗಿ ನನಗೆ ಸಲ್ಲಬೇಕಿತ್ತು ಎಂದು ಒಳಗೊಳಗೇ ಬೀಗಿದೆ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾರನೆಯ ಭಾನುವಾರ ಚಂದ್ರು ಹಾಸಿಗೆಯಿಂದಲೇ ನಮ್ಮ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದ. ಮೂರೂ ಸಿನಿಮಾಗಳ ಮೇಲೆ ಅವನ ತೀರ್ಪು! ದರ್ಶಿನಿಯ ಮುಂದೆ ಎಲ್ಲರೂ ಫೋನು ನಡುವೆ ಇಟ್ಟುಕೊಂಡು ಕೇಳಿದರು. ಸತ್ತ ಅಪ್ಪ ಪಾಯಸ ತಿಂದದ್ದನ್ನು ಕೇಳಿದರು. ವಿಲನ್ನಿನ ಹೋಟೆಲ್ಲನ್ನೂ ಕೇಳಿದರು. ದೆವ್ವದ ನೈಟ್ ಶಿಫ್ಟಿಗೆ ಬರುವ ಹೊತ್ತಿಗೆ ಯಾರ ಕಾಫಿಯೂ ಬಾಯಿಗೆ ಹೋಗುತ್ತಿರಲಿಲ್ಲ.

"ಛೆ, ಚಂದ್ರು ತಲೆ ಹೋಯ್ತಲ್ರೋ" ಎಂದ ಪ್ರಸನ್ನ. ಅವನ ಕಣ್ಣಲ್ಲಿ ನೀರಿತ್ತು. ನಾನು ಸರಿಯಾಗಿ ಹೇಳಿದ್ದನ್ನು ಚಂದ್ರುವೇ ಕಲಸಿಕೊಂಡಿದ್ದಾನೆ ಎಂದು ಎಲ್ಲರೂ ತಿಳಿದರು.

ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ಮರ್ಯಾದೆ ಹೋಗುತ್ತಲ್ಲ! ಕಾಫಿ ಗಂಟಲಲ್ಲಿ ಬಿಸಿತುಪ್ಪವಾಯಿತು. ಪ್ರಸನ್ನ ಅಲ್ಲಿಂದಲೇ ಉಷಾಗೆ ಫೋನ್ ಮಾಡಿದ. ಉಷಾ ಗಾಬರಿಯಾಗಿ ಡಾಕ್ಟರಿಗೆ ಹೇಳಿದರು. ಲಿವರ್ ಕೆಟ್ಟವರಿಗೆ ಒಮ್ಮೊಮ್ಮೆ ವಿಷ ತಲೆಗೇರಿ ಬುದ್ಧಿ ಮಂಕಾಗುವುದುಂಟಂತೆ. ಡಾಕ್ಟರು ಬಂದು ಇವತ್ತು ಯಾವ ವಾರ, ಇವರು ಯಾರು ಎಂದೆಲ್ಲ ಕೇಳಿದರು. ಚಂದ್ರು ಎಲ್ಲಕ್ಕೂ ಸರಿಯಾಗಿ ಉತ್ತರಿಸಿದ. "ಹಾಗಾದ್ರೆ ದೆವ್ವದ ಪಿಕ್ಚರ್ ಕಥೆ ಹೇಳಿ" ಎಂದರು. ಹೇಳಿದ. ಡಾಕ್ಟರು ತಕ್ಷಣ ತಲೆಗೆ ಸ್ಕ್ಯಾನ್ ಬರೆದರು!

"ನಾನು ಒಬ್ಬ ಅಪ್ಪನ್ನ ಬದುಕ್ಸಿದ್ದಕ್ಕೆ ಸರಿ ಅಂದೆ. ದೆವ್ವಾನ ಬದುಕ್ಸಿ ಅಂತ ಯಾವಾಗ ಅಂದೆ? ಹೋಗಿ ನಿಜ ಹೇಳಿ ಬನ್ನಿ" ಎಂದು ಸರೋಜ ಮರುದಿನ ಮನೆಯಿಂದ ಅಟ್ಟಿದಳು. ಮಾಡಿದ್ದುಣ್ಣೋ ಮಹಾರಾಯ.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಯೊಳಗೆ, ಉಷಾ ಎದುರಿಗೇ, ನಾನು ಕೈಮುಗಿದು ಎಲ್ಲವನ್ನೂ ಒದರಿದೆ. ಡಾಕ್ಟರು ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ಸ್ಕ್ಯಾನ್ ಬಂದಿದೆ. ತಲೆ ಸರಿಯಾಗಿದೆ" ಎಂದರು.

"ಅಬ್ಬಾ! ಒಳ್ಳೇದೇ ಆಯ್ತಲ್ಲ ಸಾರ್."

"ಲಿವರ್ ಪೂರ್ತಿ ಹೋಗಿದೆ. ಬೇರೆ ಲಿವರ್ ಹಾಕೋ ಸ್ಥಿತಿಯಲ್ಲೂ ಇಲ್ಲ ಅವರು. ಮನೆಗೆ ಕರ್ಕೊಂಡು ಹೋಗಿ. ಇಷ್ಟಪಟ್ಟಿದ್ದು ಕೊಡಿ. ಜಾಸ್ತಿ ದಿನ ಇಲ್ಲ."

ಉಷಾ ಗೋಡೆ ಹಿಡಿದುಕೊಂಡರು. ಹೊರಗೆ ಬಂದ ಮೇಲೆ, "ಅವ್ರಿಗೆ ನಾನು ಹೇಳಲಾರೆ. ನೀವೂ ಹೇಳ್ಬೇಡಿ" ಎಂದು ಬೆಂಚಿನ ಮೇಲೆ ಕುಸಿದು ಕೂತರು. ಹೂಂ ಎಂದೆ. ಸರೋಜಳಿಗೆ ಫೋನ್ ಮಾಡಿ ಬೇಗ ಬಾ ಎಂದು, ಒಬ್ಬನೇ ವಾರ್ಡಿಗೆ ಹೋದೆ.

ಚಂದ್ರು ದಿಂಬಿಗೆ ಒರಗಿ ಕೂತಿದ್ದ. "ಬಾರಪ್ಪಾ ಡೈರೆಕ್ಟರೇ" ಎಂದ. ಬೆಳಿಗ್ಗೆ ಪ್ರಸನ್ನ ಬಂದು ಮೂರೂ ಕಥೆಗಳನ್ನು ಇದ್ದದ್ದು ಇದ್ದಂತೆ ಹೇಳಿ ಹೋಗಿದ್ದನಂತೆ.

"ತಮಾಷೆಗಲ್ಲ ಕಣೋ ಚಂದ್ರು. ನಿನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ..."

"ಸ್ಕ್ಯಾನ್‌ಗೆ ಕರ್ಕೊಂಡು ಹೋದ್ರಲ್ಲ, ಆಗಿಂದ ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬಿದ್ದೆ ಕಣೋ" ಎಂದ. ದನಿ ಏರಲಿಲ್ಲ. "ಉಷಾ ಮುಖ ನೋಡಿ, ನಾಳೆ ಇವಳ ಗುರುತು ಸಿಗುತ್ತೋ ಇಲ್ವೋ ಅಂತ ಹೆದರ್ಕೊಂಡಿದ್ದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಪಾಳಕ್ಕೆ ಎರಡು ಬಾರಿಸಿದ್ದರೂ ಇದಕ್ಕಿಂತ ವಾಸಿ ಇತ್ತು. ಅವನ ಕೈ ಹಿಡಿದೆ. ತಣ್ಣಗಿತ್ತು.

"ಈಗ ಡಾಕ್ಟರ್ ರೂಮಿಂದ ಬಂದೆ ಅಲ್ವಾ? ಏನಂದ್ರು?"

"ಎಲ್ಲಾ ಸರಿಹೋಗುತ್ತೆ ಅಂದ್ರು. ಹೊಸ ಮಾತ್ರೆ ಬಂದಿದ್ಯಂತೆ."

"ಇದೂ ನೀನು ಮಾಡಿದ ಕ್ಲೈಮ್ಯಾಕ್ಸಾ?"

ನಾನು ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಎಳನೀರು ಎತ್ತಿ ಅವನಿಗೆ ಹಿಡಿದೆ.

"ಎಲ್ರೂ ಬರ್ತಾರೆ, ನಗ್ತಾರೆ, ಎಳನೀರು ಇಟ್ಟು ಹೋಗ್ತಾರೆ. ನಾನು ಒಂದೂ ಪಿಕ್ಚರ್‌ನ ಅರ್ಧಕ್ಕೆ ಎದ್ದು ಬಂದವನಲ್ಲ. ಇದನ್ನೂ ಪೂರ್ತಿ ತಿಳ್ಕೊಂಡೇ ಹೋಗ್ತೀನಿ. ಉಷಾನ ಕೇಳಿದ್ರೆ ಸತ್ತೇ ಹೋಗ್ತಾಳೆ. ನೀನು ಹೇಳು ಮಗಾ."

ಉಷಾಗೆ ಕೊಟ್ಟ ಮಾತು ಬಾಗಿಲಾಚೆ ಬೆಂಚಿನ ಮೇಲೆ ಕೂತಿತ್ತು. ಈ ಕಡೆ ಇವನು ನನ್ನ ಕೈ ಬಿಡುತ್ತಿರಲಿಲ್ಲ. ಹೇಳಿದೆ. ಹಿನ್ನೆಲೆ ಸಂಗೀತವಿಲ್ಲದೆ, ಕೈಕಾಲು ಆಡಿಸದೆ, ಡಾಕ್ಟರು ಹೇಳಿದಷ್ಟನ್ನೇ ಹೇಳಿದೆ.

ಚಂದ್ರು ಕಿಟಕಿಯ ಕಡೆ ನೋಡಿದ. "ಹಬ್ಬಕ್ಕೆ ಬಿಡೋ ಪಿಕ್ಚರ್ ನನಗೆ ಸಿಗಲ್ಲ ಅನ್ನು."

"ಸಿಗಲ್ಲ ಕಣೋ" ಎಂದೆ.

ಅವನು ತಲೆಯಾಡಿಸಿದ. ಅವನ ಕಣ್ಣು ತುಂಬಿತು, ತುಳುಕಲಿಲ್ಲ. ಅಷ್ಟರಲ್ಲಿ ವಾರ್ಡಿನ ಫ್ಯಾನು, ಗೋಡೆ, ಪಕ್ಕದ ಹಾಸಿಗೆಯ ಅಜ್ಜ, ಎಲ್ಲವೂ ಒಟ್ಟಿಗೆ ತಿರುಗತೊಡಗಿದವು. ದಡ್ ಎಂಬ ಸದ್ದು ಕೇಳಿತು. ಬಿದ್ದವನು ನಾನೇ ಎಂದು ಆಮೇಲೆ ತಿಳಿಯಿತು!

ಕಣ್ಣು ಬಿಟ್ಟಾಗ ಚಂದ್ರುವಿನ ಇನ್ನೊಂದು ಪಕ್ಕದ ಖಾಲಿ ಮಂಚದ ಮೇಲಿದ್ದೆ. ಕೈಗೆ ಗ್ಲುಕೋಸ್ ಚುಚ್ಚಿದ್ದರು. ಬೆಲ್ ಒತ್ತಿ ನರ್ಸನ್ನು ಕರೆದವನು ಚಂದ್ರು. "ಪೇಷಂಟ್‌ಗೆ ಧೈರ್ಯ ಹೇಳೋಕೆ ಬರೋರು ತಿಂಡಿ ತಿಂದು ಬನ್ನಿ ಅಂಕಲ್" ಎಂದು ನರ್ಸು ಬೈದು ಹೋದಳು. ಉಷಾ ಒಳಗೆ ಬಂದವರು ಗಂಡನ ಮುಖ ನೋಡಿದರು. ಅವರಿಗೆ ಏನನ್ನೂ ಹೇಳಬೇಕಾಗಲಿಲ್ಲ. ಮಂಚದ ಅಂಚಿನಲ್ಲಿ ಕೂತು ಅವನ ಭುಜಕ್ಕೆ ತಲೆಯಿಟ್ಟು, ಅಷ್ಟು ದಿನ ತಡೆದುಕೊಂಡಿದ್ದನ್ನೆಲ್ಲ ಅತ್ತರು. ಚಂದ್ರು ಅವರ ಬೆನ್ನು ಸವರುತ್ತಿದ್ದ.

ಆಗ ಆಟೋ ಇಳಿದು ಓಡಿ ಬಂದ ಸರೋಜ ಮೊದಲು ಚಂದ್ರುವನ್ನು ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಮೇಲೆ ತೂಗುತ್ತಿದ್ದ ಬಾಟಲಿಯನ್ನು.

"ಅವ್ರು ಅಷ್ಟು ಧೈರ್ಯವಾಗಿ ಕೂತಿದ್ದಾರೆ, ನಿಮಗೇನ್ರೀ ಬಂತು ರೋಗ?"

"ಬೈಬೇಡಿ ಸರೋಜಮ್ಮ" ಎಂದ ಚಂದ್ರು. "ಮೊದಲ್ನೇ ಸಲ ನಿಜ ಹೇಳಿದ್ದಾನೆ. ಪಾಪ, ಅಭ್ಯಾಸ ಇಲ್ಲ."